ಮರದ ಬುಡ ಕಾಣುವಂತಿರಲಿ

ಬಸವನಗುಡಿ, ಮಲ್ಲೇಶ್ವರ, ಜಯನಗರಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹಿಂದಿನ ತಲೆಮಾರಿನವರು ನೆಟ್ಟು ಹೋದ ಸಾಲುಮರಗಳ ಕೆಳಗೆ ನಡೆಯುವವರು, ಹೂವಿನ ಸೊಬಗನ್ನು ಕಂಡು ತಣಿದಮೇಲೆ, ಒಮ್ಮೆ ಬುಡದತ್ತಲೂ ದೃಷ್ಟಿ ಹಾಯಿಸಬೇಕೆಂದು ನನ್ನ ವಿಜ್ಞಾಪನೆ. ಬಲಿತ ಮರದ ಕಾಂಡವು ನೆಲವನ್ನು ಮುಟ್ಟುವೆಡೆಯಲ್ಲಿ ಸ್ವಭಾವತಃ ಅಗಲಗೊಂಡು, ದಪ್ಪ ಬೇರುಗಳಾಗಿ ಕವಲೊಡೆದು ಮಣ್ಣನ್ನು ಹೊಗುತ್ತದೆ. ಆ ಹರವು ಎಲ್ಲಿಯೂ ತೋರದೆ, ನೆಟ್ಟ ಕಂಬದಂತೆ ಕಾಂಡವು ನೆಟ್ಟಗೆ ಇಳಿದಿದ್ದರೆ, ಅಲ್ಲಿ ಮಣ್ಣು ಏರಿದೆಯೆಂದೇ ಬಹುಮಟ್ಟಿಗೆ ತಿಳಿಯತಕ್ಕದ್ದು.

ಚರಂಡಿ ತೋಡಿದವರು ಸುರಿದ ಮಣ್ಣು, ಕಾಲುದಾರಿಯನ್ನು ಎತ್ತರಿಸಿದವರು ಬಿಟ್ಟುಹೋದ ಜಲ್ಲಿಪುಡಿ, ಇವೆಲ್ಲಕ್ಕಿಂತ ವ್ಯಥೆಗೊಳಿಸುವಂತಹುದೆಂದರೆ ಮರಕ್ಕೆ ಹಿತವಾಗಲೆಂದು ಪ್ರೀತಿಯಿಂದ ಕಟ್ಟಿದ ಇಟ್ಟಿಗೆಯ ವೃತ್ತದೊಳಗೆ ತುಂಬಿದ ಕೆಂಪುಮಣ್ಣು. ನೀರನ್ನೂ ಸಾರವನ್ನೂ ಹೀರುವ ಸೂಕ್ಷ್ಮವಾದ ಬೇರುಗಳಲ್ಲಿ ಹೆಚ್ಚಿನವು ಮಣ್ಣಿನ ಮೇಲ್ಪದರದ ಒಂದೆರಡು ಅಡಿಗಳಲ್ಲಿಯೇ ಹರಡಿರುತ್ತವೆ. ಅವಕ್ಕೂ ಉಸಿರಾಟವುಂಟು, ಮಣ್ಣಿನ ರಂಧ್ರಗಳಿಂದ ಇಳಿಯುವ ಆಮ್ಲಜನಕವೇ ಅವಕ್ಕೆ ಆಧಾರ. ಆ ಬೇರುಗಳ ಮೇಲೆ ಅರ್ಧ ಅಡಿ ಜಿಗಟು ಮಣ್ಣು ಬಿದ್ದು, ಜನರ ತುಳಿತದಿಂದ ಗಟ್ಟಿಯಾದರೆ, ಗಾಳಿಯ ಸಂಚಾರವು ಕುಂಠಿತವಾಗಿ ಬೇರು ಸೊರಗುತ್ತದೆ. ಇತ್ತ, ಸದಾ ಒಣಗಿರುವುದಕ್ಕಾಗಿಯೇ ಸೃಷ್ಟಿಯಾದ ಕಾಂಡದ ತೊಗಟೆ ತೇವದಲ್ಲಿ ನೆನೆದು ಕೊಳೆತು, ಶಿಲೀಂಧ್ರಗಳಿಗೆ ಬಾಗಿಲು ತೆರೆಯುತ್ತದೆ. ಈ ಅಪಾಯದ ಕ್ರೌರ್ಯವಿರುವುದು ಅದರ ನಿಧಾನದಲ್ಲಿ. ಮೊದಲು ನೆತ್ತಿಯ ರೆಂಬೆಗಳ ತುದಿ ಒಣಗುವುದು, ಅನಂತರ ಎಲೆ ಕಿರಿದಾಗುವುದು, ವರ್ಷಗಳು ಕಳೆದು ಮಣ್ಣು ಹಾಕಿದವರನ್ನು ಊರು ಮರೆತ ಬಳಿಕ, ಮುಂಗಾರಿಗೆ ಮುನ್ನಿನ ಬಿರುಗಾಳಿಗೆ ಮರವುರುಳಿದರೆ, ಅದಕ್ಕೆ ವಯಸ್ಸಾಗಿತ್ತೆಂದು ಹೇಳಿ ನಾವು ಸುಮ್ಮನಾಗುವೆವು.

ನಮ್ಮ ಹಿರಿಯರು ಅಶ್ವತ್ಥಕ್ಕೆ ಕಟ್ಟೆ ಕಟ್ಟಿರಲಿಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಅನೇಕ ಕಡೆಗಳಲ್ಲಿ ಕಟ್ಟೆಯನ್ನು ಮೊದಲು ಕಟ್ಟಿ, ಅರಳಿ ಬೇವುಗಳ ಎಳೆಯ ಸಸಿಗಳನ್ನು ಅದರ ಮೇಲೆಯೇ ನೆಡುತ್ತಿದ್ದರು. ಬೇರು ಆ ಮಟ್ಟದಿಂದಲೇ ಕೆಳಗಿಳಿಯಲು ಕಲಿಯಿತು. ಇದಲ್ಲದೆ ಆಲ ಅರಳಿಗಳ ಜಾತಿಯು ಕಾಂಡದಿಂದಲೂ ಹೊಸ ಬೇರು ಬಿಡಬಲ್ಲುದು. ಐವತ್ತು ವರ್ಷ ಸಮನೆಲದಲ್ಲಿ ಬಾಳಿದ ಗುಲ್‌ಮೊಹರಿಗೆ ಇಂದು ಎರಡಡಿ ಎತ್ತರದ ಕಟ್ಟೆ ಕಟ್ಟಿ ಮಣ್ಣು ತುಂಬುವುದು ಆ ಸಂಪ್ರದಾಯದ ಅನುಸರಣೆಯಾಗದು.

ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ದೆಹಲಿಯ ಅಧಿಕಾರಿಗಳಿಗೆ ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ಅನುಮತಿ ಬೇಕು. ಬುಡಕ್ಕೆ ಒಂದು ಲಾರಿ ಮಣ್ಣು ಸುರಿಯುವವನನ್ನು ಮಾತ್ರ ಬೀದಿಯಲ್ಲಿ ಯಾರೂ ತಡೆದು ಕೇಳುವುದಿಲ್ಲ.

ಪರಿಹಾರವು ದುಬಾರಿಯಲ್ಲ. ಗುದ್ದಲಿಯನ್ನು ಬದಿಗಿಟ್ಟು, ಕೈಯಿಂದಲೂ ಚಿಕ್ಕ ಕುರುಪಿಯಿಂದಲೂ ಸ್ವಲ್ಪಸ್ವಲ್ಪವಾಗಿ ಮಣ್ಣನ್ನು ಬಿಡಿಸಿ, ಅಗಲಗೊಂಡ ಬುಡವು ಕಂಡೊಡನೆ ನಿಲ್ಲಿಸಬೇಕು. ಅದಕ್ಕಿಂತ ಕೆಳಗೆ ಕೆದಕುವುದೂ, ಬೇರು ಕಡಿಯುವುದೂ ಸಲ್ಲದು. ಕಾಮಗಾರಿಯ ಕರಾರುಪತ್ರದಲ್ಲಿ, ಅಗೆದ ಮಣ್ಣನ್ನು ಮರದ ಬುಡಕ್ಕೆ ಹಾಕತಕ್ಕದ್ದಲ್ಲವೆಂಬ ಒಂದು ಸಾಲನ್ನು ನಗರಪಾಲಿಕೆಗಳು ಸೇರಿಸಲಿ. ಆ ಸಾಲು ಪಾಲನೆಯಾಗುವಂತೆ ಆಯಾ ಬೀದಿಯ ನಿವಾಸಿಗಳು ನಿಂತು ನೋಡಿಕೊಳ್ಳಲಿ.