ಎಣ್ಣೆ ಸೋರುತ್ತಿರುವುದು ಎಲ್ಲಿಂದ?

ಅಮೆರಿಕದಲ್ಲಿ ಮನೆಯ ಕಾರ್ ಶೆಡ್ಡಿನಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿದ್ದಾರೆ. ಇವರದೇ ಒಂದು ಸಂಘ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿತು. ಅದೇ ರಾಜ್ಯದ ಆಷ್‌ಕಾಷ್ ಎಂಬ ಊರಿನಲ್ಲಿ ಬೇಸಿಗೆಯಲ್ಲಿ ಇವರ ದೊಡ್ಡ ಜಾತ್ರೆಯೇ ನೆರೆಯುತ್ತದೆ. ಅಲ್ಲಿನ ಕಾನೂನಿನಂತೆ ಇಂಥ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು. ಅದೂ ಕಲಿಕೆಗಾಗಿ ಅಥವಾ ಮನರಂಜನೆಗಾಗಿ. ಕಲಿಯಲೆಂದೇ ವಿಮಾನ! ಕೇಳಲು ಸೊಗಸು. ಆದರೆ ಕಲಿತದ್ದರ ನಿಜವಾದ ಪರೀಕ್ಷೆ ನಡೆಯುವುದು ಎಂಜಿನ್ನಿನಿಂದ ಎಣ್ಣೆ ಸೋರತೊಡಗಿದಾಗ.

ಸ್ಕೂಟರಿನಿಂದ ನಾಲ್ಕು ಹನಿ ಬಿದ್ದರೆ ಅಂಗಳ ಕೊಳೆಯಾಗುತ್ತದೆ, ಅಷ್ಟೆ. ವಿಮಾನದಲ್ಲಿ ಹಾಗಲ್ಲ. ಹೊಗೆ ಹೊರಹೋಗುವ ಕಾದ ಕೊಳವೆಯ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹೊತ್ತಬಹುದು. ಎಣ್ಣೆ ತೀರಿಹೋದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಬದಿಗೆ ನಿಲ್ಲಿಸೋಣವೆಂದರೆ ಆಕಾಶದಲ್ಲಿ ರಸ್ತೆಯೇ ಇಲ್ಲ.

ಒದ್ದೆಯಾದ ಕಡೆ ಗ್ಯಾಸ್ಕೆಟ್ ಬದಲಿಸಿದರಾಯಿತಲ್ಲವೆ? ಎಡವುವುದು ಇಲ್ಲೇ. ಮಳೆಗಾಲದ ಹೆಂಚಿನ ಮನೆಯನ್ನು ನೆನಪಿಸಿಕೊಳ್ಳಿ. ಹೆಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ. ಎಂಜಿನ್ನಿನ ಎಣ್ಣೆಯೂ ಹಾಗೇ. ಮುಂದಿರುವ ಪ್ರೊಪೆಲ್ಲರಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಗುರುತ್ವ ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಹುಡುಕಬೇಕಾದ್ದು ಹೆಚ್ಚು ಒದ್ದೆಯಾದ ಜಾಗವನ್ನಲ್ಲ. ಒದ್ದೆಯ ಗೆರೆಯ ಎಲ್ಲಕ್ಕಿಂತ ಮೇಲಿನ, ಮುಂದಿನ ತುದಿಯನ್ನು.

ಬಲ್ಲವರು ಮೊದಲು ಎಂಜಿನ್ನನ್ನು ತೊಳೆದು ಒಣಗಿಸುತ್ತಾರೆ. ಅನುಮಾನವಿರುವ ಕೂಡುಗಳ ಮೇಲೆ ತೆಳ್ಳಗೆ ಬಿಳಿ ಪೌಡರ್ ಉದುರಿಸುತ್ತಾರೆ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಕೆಲವು ನಿಮಿಷ ಎಂಜಿನ್ ಓಡಿಸಿ, ಸ್ವಿಚ್ ಆರಿಸಿ, ಟಾರ್ಚ್ ಹಿಡಿದು ನೋಡುತ್ತಾರೆ. ಎಣ್ಣೆ ಹರಿದ ದಾರಿ ಪೌಡರಿನಲ್ಲಿ ಗೆರೆಯಾಗಿ ಮೂಡಿರುತ್ತದೆ.

ಅಲ್ಲಿ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಇನ್ನೊಂದು ಕಡೆಯಿಂದ ಸೋರತೊಡಗಿದರೆ? ಆಗ ಕೇಳಬೇಕಾದ ಪ್ರಶ್ನೆಯೇ ಬೇರೆ: ಎಣ್ಣೆಯನ್ನು ಒಳಗಿನಿಂದ ತಳ್ಳುತ್ತಿರುವುದು ಯಾವುದು? ಕುಕ್ಕರಿನ ವಿಷಲ್ ಕಟ್ಟಿಕೊಂಡರೆ ಆವಿ ಎಲ್ಲಿ ಸಡಿಲವೋ ಅಲ್ಲಿ ನುಗ್ಗುತ್ತದೆ. ಎಂಜಿನ್ನಿಗೂ ಉಸಿರಾಡಲು ಒಂದು ಕೊಳವೆಯಿದೆ. ಅದಕ್ಕೆ ಬ್ರೀದರ್ ಎನ್ನುತ್ತಾರೆ. ಅದರಲ್ಲಿ ಕಸ ತುಂಬಿದರೆ, ಚಳಿಯಲ್ಲಿ ಅದರ ಬಾಯಿಗೆ ಮಂಜುಗಡ್ಡೆ ಕಟ್ಟಿದರೆ, ಒಳಗಿನ ಒತ್ತಡ ಏರಿ ಒಳ್ಳೆಯ ಸೀಲನ್ನೂ ದಾಟಿ ಎಣ್ಣೆ ಹೊರಬರುತ್ತದೆ. ಪಿಸ್ಟನ್ ರಿಂಗ್ ಸವೆದು ಉರಿದ ಅನಿಲ ಕೆಳಗೆ ನುಸುಳಿದರೂ ಅಷ್ಟೇ. ಹೀಗಿರುವಾಗ ಬೋಲ್ಟುಗಳನ್ನು ಮತ್ತೆ ಮತ್ತೆ ಬಿಗಿದು ಫಲವಿಲ್ಲ. ಅತಿಯಾಗಿ ಬಿಗಿದರೆ ಮುಚ್ಚಳ ಸೊಟ್ಟಗಾಗಿ ಸೋರಿಕೆ ಇನ್ನೂ ಹೆಚ್ಚೀತು.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಮತ್ತೆ ಓಡಿಸಿ ನೋಡುವುದು. ಐದು ಸೀಲುಗಳನ್ನು ಒಟ್ಟಿಗೆ ಬದಲಿಸಿದವನ ಎಂಜಿನ್ ಸರಿಹೋಗಬಹುದು. ತಪ್ಪು ಯಾವುದಿತ್ತೆಂಬುದು ಮಾತ್ರ ಅವನಿಗೆ ತಿಳಿಯುವುದಿಲ್ಲ.

ದೊಡ್ಡವರಿಗೂ ಈ ಪಾಠ ತಪ್ಪಿದ್ದಲ್ಲ. 1983ರ ಮೇ 5ರಂದು ಮಯಾಮಿಯಿಂದ ನಸ್ಸೌಗೆ ಹೊರಟಿದ್ದ ಈಸ್ಟರ್ನ್ ಏರ್‌ಲೈನ್ಸಿನ ಟ್ರೈಸ್ಟಾರ್ ವಿಮಾನದಲ್ಲಿ 172 ಮಂದಿಯಿದ್ದರು. ಎಣ್ಣೆಯಲ್ಲಿನ ಲೋಹದ ಚೂರು ಹಿಡಿಯುವ ಆಯಸ್ಕಾಂತದ ಬಿರಡೆಗಳನ್ನು ಮೂರೂ ಎಂಜಿನ್‌ಗಳಲ್ಲಿ ಬದಲಿಸಿದ್ದರು. ಅವುಗಳಿಗೆ ರಬ್ಬರ್ ಬಳೆ ಹಾಕಿರಲಿಲ್ಲ. ಎಂಜಿನ್ನುಗಳನ್ನು ಕೆಲವೇ ಸೆಕೆಂಡು ತಿರುಗಿಸಿ ನೋಡಿದಾಗ ಸೋರಿಕೆ ಕಂಡಿರಲಿಲ್ಲ. ಆಕಾಶದಲ್ಲಿ ಮೂರರಿಂದಲೂ ಎಣ್ಣೆ ಹೋಯಿತು. ಮೊದಲೇ ಆರಿಸಿದ್ದ ಒಂದು ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ಮಯಾಮಿಗೆ ಹಿಂದಿರುಗಿದರು. ಎಲ್ಲರೂ ಉಳಿದರು.

ಪಾಲಕರಿಗೆ ಒಂದು ಮಾತು. ಮನೆಯ ಸ್ಕೂಟರಿನ ಕೆಳಗೆ ಎಣ್ಣೆಯ ಕಲೆ ಕಂಡರೆ ತಕ್ಷಣ ಮೆಕ್ಯಾನಿಕ್‌ಗೆ ಒಪ್ಪಿಸಬೇಡಿ. ಎಂಜಿನ್ ಆರಿ ತಣ್ಣಗಾದ ಮೇಲೆ ಮಗಳ ಕೈಗೋ ಮಗನ ಕೈಗೋ ಬಟ್ಟೆ ಕೊಟ್ಟು ಒರೆಸಲು ಹೇಳಿ. ಕೆಳಗೆ ಹಳೆಯ ಪೇಪರ್ ಹಾಸಿ. ಮರುದಿನ ಇಬ್ಬರೂ ಕೂತು ನೋಡಿ, ಎಲ್ಲಿಂದ ಇರಬಹುದೆಂದು ಬರೆದಿಡಿ. ಆಮೇಲೆ ಮೆಕ್ಯಾನಿಕ್ ಏನೆನ್ನುತ್ತಾನೆ ಕೇಳಿ. ಊಹೆ ತಪ್ಪಾದರೂ ಚಿಂತೆಯಿಲ್ಲ. ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಕಣ್ಣಿಟ್ಟು ನೋಡುವ ಅಭ್ಯಾಸ ಬಂದರೆ ಅಷ್ಟೇ ಸಾಕು.