ಆದೇಶ ತಲುಪಿತು, ಅರ್ಥ ತಲುಪಿತೇ?

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂತಹ ಊರಿನಲ್ಲಿ ಸರ್ಕಾರವೆಂದರೆ ಬೆರಳೆಣಿಕೆಯಷ್ಟು ಜನ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತ ಅಧಿಕಾರಿ, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು. ಒಂದೇ ಊರಿನ ಸೇವೆಗೆ ನಿಂತ ಇವರು ವಾಸ್ತವದಲ್ಲಿ ಸಹೋದ್ಯೋಗಿಗಳು. ಆದರೆ ಪ್ರತಿಯೊಬ್ಬರೂ ಉತ್ತರಿಸಬೇಕಾದ ಇಲಾಖೆ ಬೇರೆ ಬೇರೆ. ಹೀಗಾಗಿ ಮಾತು ಆದೇಶವಾಗಿ ಕೆಳಗಿಳಿಯುತ್ತದೆ, ವರದಿಯಾಗಿ ಮೇಲೇರುತ್ತದೆ; ಪಕ್ಕದ ಕಚೇರಿಯ ಹೊಸ್ತಿಲು ದಾಟುವುದು ಮಾತ್ರ ಅಪರೂಪ.

ಇದರ ಬೆಲೆ ತೆರುವವರು ಜನಸಾಮಾನ್ಯರು. 2019ರ ಆಗಸ್ಟ್ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಹಾನಿಗೊಳಗಾದವು. ಅವುಗಳನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲಾಯಿತು. ಪೂರ್ಣ ಕುಸಿದ ‘ಎ’ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ‘ಸಿ’ ವರ್ಗಕ್ಕೆ 50 ಸಾವಿರ. ಅಕ್ಷರವೊಂದು ಬದಲಾದರೆ ಪರಿಹಾರದಲ್ಲಿ ಲಕ್ಷಗಳ ಅಂತರ. ಕಂದಾಯ ಸಿಬ್ಬಂದಿ, ಪಂಚಾಯಿತಿ ಅಧಿಕಾರಿ ಮತ್ತು ಎಂಜಿನಿಯರ್ ಒಂದೇ ಗೋಡೆಯ ಮುಂದೆ ನಿಂತು ‘ಭಾಗಶಃ’ ಎಂಬ ಪದಕ್ಕೆ ಮೂರು ಅರ್ಥ ಹಚ್ಚಿದರೆ, ಮನೆ ಕಳೆದುಕೊಂಡವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಸಂದೇಶಗಳ ಸಂಖ್ಯೆ ಹೆಚ್ಚಿಸುವುದು ಇದಕ್ಕೆ ಪರಿಹಾರವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ, ಹತ್ತಾರು ಮೊಬೈಲ್ ಆ್ಯಪ್‌ಗಳ ಕೆಲಸದ ಒತ್ತಡವೇ ಅವರ ಮುಖ್ಯ ದೂರಾಗಿತ್ತು. ವಾಟ್ಸ್‌ಆ್ಯಪ್ ಗುಂಪಿಗೆ ಸುತ್ತೋಲೆ ಹಾಕಿ, ಎರಡು ನೀಲಿ ಗುರುತು ಮೂಡಿದೊಡನೆ ತಮ್ಮ ಹೊಣೆ ಮುಗಿಯಿತೆಂದು ಭಾವಿಸುವ ಮೇಲಧಿಕಾರಿಗಳಿದ್ದಾರೆ. ಕಂಡಿದೆ ಎಂದ ಮಾತ್ರಕ್ಕೆ ತಿಳಿದಿದೆ ಎಂದಲ್ಲ. ಕೆಳಗಿನವರಾದರೂ ‘ಆತ್ರೀ ಸರ್’ ಎಂದು ಸುಮ್ಮನಾಗುತ್ತಾರೆ. ಪ್ರಶ್ನಿಸಿದರೆ ಉದ್ಧಟತನವೆನಿಸೀತು ಎಂಬ ಅಳುಕು ಅವರದು.

ಈ ಅಳುಕು ಎಷ್ಟು ಅಪಾಯಕಾರಿ ಎಂಬುದನ್ನು ವಿಮಾನಯಾನ ಕ್ಷೇತ್ರ ದೊಡ್ಡ ಬೆಲೆ ತೆತ್ತು ಕಲಿಯಿತು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಪೈಲಟ್ ಮತ್ತು ನಿಯಂತ್ರಣ ಗೋಪುರದ ನಡುವಿನ ಅಸ್ಪಷ್ಟ ಮಾತು ಕಾರಣಗಳಲ್ಲೊಂದು. ರನ್‌ವೇ ತೆರವಾಗಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಎತ್ತಿದ ಸಂದೇಹವನ್ನು ಕ್ಯಾಪ್ಟನ್ ತಳ್ಳಿಹಾಕಿದ್ದರು. ಆ ದುರಂತದ ಬಳಿಕ, ಬರೀ ‘ಸರಿ’ ಎನ್ನದೆ ಸೂಚನೆಯ ಮುಖ್ಯಾಂಶವನ್ನು ಮರಳಿ ಹೇಳುವ ಶಿಸ್ತು ಬಿಗಿಯಾಯಿತು. ಕಿರಿಯರ ಸಂದೇಹಕ್ಕೆ ಕಿವಿಗೊಡುವುದು ತರಬೇತಿಯ ಭಾಗವಾಯಿತು.

ನಮ್ಮ ಕಚೇರಿಗಳಿಗೂ ಇದು ಸಲ್ಲುವ ಪಾಠ. ಅದಕ್ಕೆ ಹೊಸ ಆ್ಯಪ್ ಬೇಕಿಲ್ಲ, ಅನುದಾನವೂ ಬೇಕಿಲ್ಲ. ವಾರಕ್ಕೊಮ್ಮೆ ಊರಿನ ಎಲ್ಲ ಇಲಾಖೆಗಳ ಸಿಬ್ಬಂದಿ ಪಂಚಾಯಿತಿಯಲ್ಲಿ ಅರ್ಧ ಗಂಟೆ ಎದುರುಬದುರು ಕೂರಲಿ. ಸೂಚನೆ ಕೊಡುವವರು ಅದರ ಕಾರಣವನ್ನೂ ಹೇಳಲಿ. ಪಡೆದವರು ತಮ್ಮ ಮಾತಿನಲ್ಲಿ ಅದನ್ನು ಮರಳಿ ಹೇಳಲಿ. ಯಾರು, ಯಾವ ಕೆಲಸ, ಯಾವ ದಿನದೊಳಗೆ ಎಂಬುದು ಎರಡು ಸಾಲಿನಲ್ಲಿ ದಾಖಲಾಗಲಿ. ಆಶಾ ಕಾರ್ಯಕರ್ತೆಗೆ ತಿಳಿದಿರುವ ಕಾಯಿಲೆಯ ಮನೆ, ಕುಡಿಯುವ ನೀರಿನ ಹೊಣೆ ಹೊತ್ತ ಪಂಚಾಯಿತಿಗೆ ಅಂದೇ ತಿಳಿಯಲಿ.

ಇದಕ್ಕೆ ಮೊದಲು ಬದಲಾಗಬೇಕಾದವರು ಮೇಲಿನವರು. ‘ತಿಳಿಯಲಿಲ್ಲ’ ಎನ್ನುವ ನೌಕರನನ್ನು ಗದರಿಸುವ ಅಧಿಕಾರಿ, ಮುಂದಿನ ಸಲ ತನಗೆ ನಿಜ ಹೇಳುವವರನ್ನೇ ಕಳೆದುಕೊಳ್ಳುತ್ತಾನೆ.