ಗಂಟಲಿನ ಗಂಟು, ಹಣದ ಗಂಟು

ಮಗುವಿನ ಬಾಯಿ ತೆರೆಸಿ ಬೆಳಕು ಹಿಡಿದು ನೋಡಿದರೆ ನಾಲಗೆಯ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು ಗಂಟು ಕಾಣುತ್ತದೆ. ಇವೇ ಟಾನ್ಸಿಲ್‌ಗಳು. "ಗಂಟು ದೊಡ್ಡದಾಗಿದೆ, ತೆಗೆಸಿಬಿಡಿ" ಎಂಬ ಮಾತು ಕಿವಿಗೆ ಬಿದ್ದೊಡನೆ ದುಡಿಯುವವನ ಮನೆಯಲ್ಲಿ ಮಗುವಿನ ಚಿಂತೆಯ ಜೊತೆಗೆ ಸಾಲದ ಚಿಂತೆಯೂ ಹುಟ್ಟುತ್ತದೆ. ಈ ಸಾಲ ಯಾವಾಗ ಅವಶ್ಯ, ಯಾವಾಗ ಅನಾವಶ್ಯಕ ಎಂಬುದು ಕೇವಲ ವೈದ್ಯರಿಗೆ ಸೇರಿದ ವಿಷಯವಲ್ಲ. ವಾರದ ಬಟವಾಡೆಯಲ್ಲಿ, ದಿನದ ಗಲ್ಲಾದಲ್ಲಿ ಸಂಸಾರ ತೂಗಿಸುವ ಪ್ರತಿಯೊಬ್ಬರಿಗೂ ಸೇರಿದ್ದು. ಆದ್ದರಿಂದ ನಾವು ಈ ವಾರ ಅದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಟಾನ್ಸಿಲ್ ಮೈಯ ಶತ್ರುವಲ್ಲ. ಬಾಯಿ ಮೂಗುಗಳಿಂದ ಒಳಬರುವ ರೋಗಾಣುಗಳನ್ನು ಬಾಗಿಲಲ್ಲೇ ತಡೆಯುವ ಕಾವಲುಗಾರ. ಮೂಗಿನ ಹಿಂದೆ, ಕಣ್ಣಿಗೆ ಕಾಣದ ಕಡೆಯಲ್ಲಿ, ಅಡಿನಾಯ್ಡ್ ಎಂಬ ಇನ್ನೊಂದು ಗಂಟು ಇದೇ ಕೆಲಸ ಮಾಡುತ್ತದೆ. ಸುಮಾರು 3ರಿಂದ 7 ವರ್ಷದವರೆಗೆ ಮಗು ಹೊಸ ಹೊಸ ರೋಗಾಣುಗಳನ್ನು ಎದುರಿಸುವ ಕಾಲ. ಆಗ ಇವು ದೊಡ್ಡವಾಗಿರುವುದು ಸಹಜ. ಮಗು ಬೆಳೆದಂತೆ ಬಹುಪಾಲು ತಾವಾಗಿಯೇ ಕುಗ್ಗುತ್ತವೆ. ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಕತ್ತರಿ ಹಿಡಿಯುವುದು ಸರಿಯಲ್ಲ.

ಇದು ನಮ್ಮ ಕಲ್ಪನೆಯ ಮಾತಲ್ಲ. ಅಮೆರಿಕದ ಮಕ್ಕಳ ಆರೋಗ್ಯ ಸಂಘವು ನ್ಯೂಯಾರ್ಕಿನ 11 ವರ್ಷದ 1,000 ಶಾಲಾಮಕ್ಕಳ ಮೇಲೆ ನಡೆಸಿದ ಪರೀಕ್ಷೆ 1934ರಲ್ಲಿ ಪ್ರಕಟವಾಯಿತು. ಅವರಲ್ಲಿ 611 ಮಕ್ಕಳ ಟಾನ್ಸಿಲನ್ನು ಆಗಲೇ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರಿಗೆ ತೋರಿಸಲಾಗಿ, 174 ಮಕ್ಕಳಿಗೆ ಶಸ್ತ್ರಕ್ರಿಯೆ ಆಗಬೇಕೆಂದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರೆ, ಅವರಲ್ಲಿಯೂ 99 ಮಕ್ಕಳಿಗೆ ಬೇಕೆಂದರು. ಮತ್ತೆ ಉಳಿದ 116 ಮಕ್ಕಳಲ್ಲಿ ಮೂರನೆಯ ತಂಡದ ವೈದ್ಯರು 51 ಮಕ್ಕಳನ್ನು ಆರಿಸಿದರು. ಕೊನೆಗೆ ಪಾರಾದವರು 65 ಮಂದಿ! ನಾಲ್ಕನೆಯ ತಂಡವಿದ್ದರೆ ಅವರ ಗತಿ ಏನಾಗುತ್ತಿತ್ತೋ ಓದುಗರೇ ಊಹಿಸಲಿ.

1938ರಲ್ಲಿ ಇಂಗ್ಲೆಂಡಿನ ಡಾ. ಗ್ಲೋವರ್ ಎಂಬುವರು ಆ ದೇಶದ ಲೆಕ್ಕ ತೆಗೆದರು. ಅನುಕೂಲಸ್ಥರ ಮಕ್ಕಳಿಗೆ ಈ ಶಸ್ತ್ರಕ್ರಿಯೆ ಬಡವರ ಮಕ್ಕಳಿಗಿಂತ ಬಹಳ ಹೆಚ್ಚಾಗಿ ಆಗುತ್ತಿತ್ತು. ಲಂಡನ್ನಿನ ಪಕ್ಕದ ಹಾರ್ನ್ಸಿಯಲ್ಲಿ 1929ರಲ್ಲಿ ಶಾಲಾ ವೈದ್ಯಾಧಿಕಾರಿ ಬದಲಾದೊಡನೆ ಶಸ್ತ್ರಕ್ರಿಯೆಗಳ ಸಂಖ್ಯೆ ಹತ್ತನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಮಕ್ಕಳಿಗೆ ಅದರಿಂದ ಕೇಡೇನೂ ಕಾಣಲಿಲ್ಲ. ಬದಲಾದದ್ದು ಮಕ್ಕಳ ಗಂಟಲಲ್ಲ, ನೋಡುವವರ ಕಣ್ಣು. ಹಣವಿದ್ದ ಕಡೆ ಕತ್ತರಿ ಓಡುವ ಈ ಪದ್ಧತಿಯನ್ನು ಸಾಲ ಮಾಡಿ ಅನುಕರಿಸುವ ದುರ್ಗತಿ ನಮ್ಮ ಜನಕ್ಕೆ ಬರಕೂಡದು.

ಹಾಗೆಂದು ಶಸ್ತ್ರಕ್ರಿಯೆಯೇ ಬೇಡವೆಂಬ ಮೊಂಡುವಾದ ನಮ್ಮದಲ್ಲ. ಕೆಲವು ಮಕ್ಕಳಿಗೆ ಅದು ಖಂಡಿತ ಬೇಕು. ವರ್ಷದಲ್ಲಿ 7 ಬಾರಿ, ಅಥವಾ 2 ವರ್ಷ ಸತತವಾಗಿ ವರ್ಷಕ್ಕೆ 5 ಬಾರಿ, ಅಥವಾ 3 ವರ್ಷ ಸತತವಾಗಿ ವರ್ಷಕ್ಕೆ 3 ಬಾರಿ ಜ್ವರದೊಡನೆ ಗಂಟಲು ಕೆಟ್ಟರೆ ಶಸ್ತ್ರಕ್ರಿಯೆಯ ಯೋಚನೆ ಮಾಡಬಹುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದದ್ದು, ಅದು ನಿದ್ರೆ. ಮಗು ರಾತ್ರಿಯೆಲ್ಲಾ ಗೊರಕೆ ಹೊಡೆಯುತ್ತದೆಯೇ? ಬಾಯಿ ತೆರೆದು ಮಲಗುತ್ತದೆಯೇ? ಉಸಿರು ನಿಂತಂತಾಗಿ ಮತ್ತೆ ಏದುಸಿರಿನಿಂದ ಎದ್ದು ಹೊರಳುತ್ತದೆಯೇ? ಹಾಗಿದ್ದರೆ ಗಂಟುಗಳು ಉಸಿರಿನ ದಾರಿಗೆ ಅಡ್ಡ ನಿಂತಿರಬಹುದು. ಇಂಥ ಮಗು ಹಗಲಿನಲ್ಲಿ ತೂಕಡಿಸುತ್ತದೆ, ಸಿಡುಕುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಮೈ ಬೆಳೆಯುವುದಿಲ್ಲ. ಅಡಿನಾಯ್ಡ್ ಊದಿ ಕಿವಿಯೊಳಗೆ ನೀರು ನಿಂತರೆ ಕೇಳಿಸುವುದೂ ಮಂದವಾಗುತ್ತದೆ. ಇಂಥವರಿಗೆ ಶಾಲೆಯಲ್ಲಿ ಸಿಗುವುದು "ದಡ್ಡ" ಎಂಬ ಬಿರುದು! ಗೊರಕೆ ಗಾಢ ನಿದ್ರೆಯ ಗುರುತೆಂದು ಸುಮ್ಮನಿರಬಾರದು. ಇಂಥ ಮಕ್ಕಳನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನು ಬಡವರ ಮಕ್ಕಳ ಪಾಲಿಗೆ ದೊಡ್ಡ ಗಂಡಾಂತರ ಗಂಟಿನ ಗಾತ್ರದಲ್ಲಿಲ್ಲ. ಗಂಟಲುನೋವು ಬಹುತೇಕ ವೈರಸ್ಸಿನಿಂದ ಬರುತ್ತದೆ. ನೆಗಡಿ ಕೆಮ್ಮುಗಳ ಜೊತೆಗೆ ಬಂದು ತಾನಾಗಿ ಹೋಗುತ್ತದೆ. ಅದಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಆದರೆ ಕೆಮ್ಮಿಲ್ಲದೆ ಜ್ವರ ಬಂದು, ಟಾನ್ಸಿಲಿನ ಮೇಲೆ ಕೀವು ಕಟ್ಟಿ, ಕತ್ತಿನ ಗಂಟುಗಳು ಮುಟ್ಟಿದರೆ ನೋಯುವಂತಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಕೆಲಸವಿರಬಹುದು. ಅದನ್ನು ಅಲಕ್ಷಿಸಿದರೆ ಎರಡು ಮೂರು ವಾರಗಳ ಮೇಲೆ ಕೆಲವು ಮಕ್ಕಳಿಗೆ, ಅದರಲ್ಲೂ 5ರಿಂದ 15 ವರ್ಷದವರಿಗೆ, ಕೀಲುಗಳು ಊದಿ ಜ್ವರ ಬರುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲಿನ ನೋವು ಹೋಗುತ್ತದೆ. ಹೃದಯದ ಕವಾಟಕ್ಕೆ ಆದ ಪೆಟ್ಟು ಉಳಿಯಬಹುದು. ಹತ್ತಿಪ್ಪತ್ತು ವರ್ಷಗಳ ಮೇಲೆ ಮೆಟ್ಟಿಲು ಹತ್ತುವಾಗ, ಬಸುರಿ ಹೆಂಗಸಿಗೆ ದಿನ ತುಂಬುವಾಗ, ಉಸಿರು ಕಟ್ಟಿದ ಮೇಲೆ ಅದು ತಿಳಿಯುತ್ತದೆ.

ಈ ಕಾಯಿಲೆ ಹಬ್ಬುವುದು ಒಂದೇ ಕೋಣೆಯಲ್ಲಿ ಆರು ಏಳು ಜನ ಮಲಗುವ ಕಡೆ. ಸಿರಿವಂತ ದೇಶಗಳಲ್ಲಿ ಮನೆಗಳು ವಿಶಾಲವಾದಂತೆ, ಔಷಧ ಕೈಗೆಟುಕಿದಂತೆ ಅದು ಹಿಮ್ಮೆಟ್ಟಿತು. ನಮ್ಮಲ್ಲಿ ಇನ್ನೂ ಉಳಿದಿದೆ. ಟಾನ್ಸಿಲ್ ಕತ್ತರಿಸುವುದು ಅದಕ್ಕೆ ಮದ್ದಲ್ಲ. ಗಂಟಲು ಕೆಟ್ಟ 9 ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ವೈದ್ಯರು 10 ದಿನದ ಮಾತ್ರೆ ಕೊಟ್ಟರೆ ಹತ್ತೂ ದಿನ ನುಂಗಿಸಬೇಕು. ಮೂರನೆಯ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಬಾರದು. ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು.

ಪೆನಿಸಿಲಿನ್ನು ಹಳೆಯ, ಅಗ್ಗದ ಔಷಧ. ಜನರಿಗೆ ಅದನ್ನು ಒದಗಿಸಲೆಂದೇ ಭಾರತ ಸರ್ಕಾರವು ಪುಣೆಯ ಬಳಿ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. ಅಗ್ಗವಾದದ್ದೇ ಅದರ ಶಾಪವಾಯಿತು! ಹೆಚ್ಚು ಲಾಭ ಬಾರದ ಔಷಧವನ್ನು ತಯಾರಿಸುವ ಉತ್ಸಾಹ ಬಂಡವಾಳಗಾರರಿಗಿಲ್ಲ. 2014ರಿಂದ 2016ರವರೆಗೆ ಬೆಂಜಥೀನ್ ಪೆನಿಸಿಲಿನ್ನಿನ ಕೊರತೆ ಅನೇಕ ದೇಶಗಳಲ್ಲಿ ತಲೆದೋರಿತು. ಬೇಡದ ಶಸ್ತ್ರಕ್ರಿಯೆಗೆ ಮಾರುಕಟ್ಟೆಯುಂಟು, ಬೇಕಾದ ಚುಚ್ಚುಮದ್ದಿಗೆ ಇಲ್ಲ. ಲಾಭವನ್ನೇ ಯಜಮಾನನನ್ನಾಗಿ ಮಾಡಿಕೊಂಡ ವ್ಯವಸ್ಥೆ ಎಂದರೆ ಇದೇ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದಾಗಿ, "ಗಂಟು ತೆಗೆಸಿ" ಎಂದವರನ್ನು ಏಕೆಂದು ಕೇಳೋಣ. ವರ್ಷಕ್ಕೆ ಎಷ್ಟು ಬಾರಿ ಜ್ವರ ಬಂತು, ನಿದ್ರೆ ಹೇಗಿದೆ ಎಂದು ಬರೆದಿಟ್ಟುಕೊಂಡು ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವೈದ್ಯರಲ್ಲಿಯೂ ವಿಚಾರಿಸೋಣ. ಇದು ಸಣ್ಣ ಶಸ್ತ್ರಕ್ರಿಯೆಯೆಂದು ಹೇಳುತ್ತಾರೆ. ಆದರೂ ಅರಿವಳಿಕೆಯ, ರಕ್ತಸ್ರಾವದ ಅಪಾಯ ಅದಕ್ಕೂ ಇದೆ. ಮಗು ಮಲಗುವ ಕೋಣೆಯಲ್ಲಿ ಬೀಡಿ ಸೇದುವುದನ್ನೂ ಬಿಡೋಣ. ಹೊಗೆಯಿಂದ ಮಕ್ಕಳ ಗಂಟಲು, ಕಿವಿ, ಎದೆ ಮತ್ತೆ ಮತ್ತೆ ಕೆಡುತ್ತವೆ.

ಎರಡನೆಯದಾಗಿ, ಹಕ್ಕನ್ನು ಕೇಳೋಣ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆ ಕಾರ್ಮಿಕನ ಹೆಂಡತಿ ಮಕ್ಕಳಿಗೂ ಸೇರಿದ್ದು. 2019ರ ಜುಲೈಯಲ್ಲಿ ನಿಗದಿಯಾದಂತೆ ಅದಕ್ಕೆ ಕೂಲಿಯ ಶೇಕಡಾ 0.75 ನಮ್ಮಿಂದ, 3.25 ಮಾಲೀಕನಿಂದ ಸಲ್ಲುತ್ತದೆ. ಅಲ್ಲಿ ಸಿಗುವುದು ಧರ್ಮದ ಔಷಧವಲ್ಲ. ಗುತ್ತಿಗೆಯ ನೆಪದಲ್ಲಿ ಯಾರನ್ನಾದರೂ ಹೊರಗಿಟ್ಟಿದ್ದರೆ ಸಂಘ ಸುಮ್ಮನಿರಕೂಡದು. ಅಂಗಡಿಯಲ್ಲಿ ತಾನೇ ಆಳು ತಾನೇ ಧಣಿಯಾಗಿರುವ ಸಣ್ಣ ವ್ಯಾಪಾರಿಗೆ ಈ ಆಸರೆಯೂ ಇಲ್ಲ. ಅವನಿಗೂ ಸರ್ಕಾರಿ ಆಸ್ಪತ್ರೆಯೇ ಗತಿ. ಅದನ್ನು ಸುಧಾರಿಸುವ ಹೋರಾಟದಲ್ಲಿ ಅವನೂ ಕಾರ್ಮಿಕನ ಜೊತೆ ನಿಲ್ಲಬೇಕು.

ಮೂರನೆಯದು ಸರ್ಕಾರಕ್ಕೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ, ಅಂಗನವಾಡಿ ಮಕ್ಕಳನ್ನು ಎರಡು ಬಾರಿ ಪರೀಕ್ಷಿಸತಕ್ಕದ್ದು. ಕಿವಿಯ ಸೋಂಕು, ರುಮ್ಯಾಟಿಕ್ ಹೃದ್ರೋಗ ಎರಡೂ ಅದರ ಪಟ್ಟಿಯಲ್ಲಿವೆ. ಈ ಪರೀಕ್ಷೆ ಹಾಜರಿ ಪುಸ್ತಕ ತುಂಬುವ ಶಾಸ್ತ್ರವಾಗಬಾರದು. ಪರೀಕ್ಷೆಯ ದಿನ ತಂದೆತಾಯಿಗಳಿಗೆ ಮೊದಲೇ ತಿಳಿಯಬೇಕು. ಮಗುವಿನ ನಿದ್ರೆಯ ಬಗ್ಗೆ ಅವರನ್ನು ಕೇಳಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬೆಂಜಥೀನ್ ಪೆನಿಸಿಲಿನ್ ಸದಾ ಇರಬೇಕು. ಪಾಳಿ ಮುಗಿಸಿ ಬರುವ ತಾಯಿಗಾಗಿ ಸಂಜೆಯ ಹೊತ್ತಿನಲ್ಲಿಯೂ ಔಷಧಾಲಯ ತೆರೆದಿರಬೇಕು. ಇಷ್ಟನ್ನು ಮಾಡಲು ಕೋಟಿಗಟ್ಟಲೆ ಹಣದ ಕಟ್ಟಡಗಳು ಬೇಕಿಲ್ಲ. ಮಗುವಿಗೆ ಸಿಗುವ ಚಿಕಿತ್ಸೆಯನ್ನು ಅದರ ಕಾಯಿಲೆ ನಿರ್ಧರಿಸಬೇಕೇ ಹೊರತು ಅದರ ತಂದೆಯ ಜೇಬಲ್ಲ ಎಂಬ ತತ್ತ್ವವನ್ನು ಒಪ್ಪಿದರೆ ಸಾಕು.